ಎರಡು ನಾದಗಳ ಬೆಸುಗೆ

ಬೆರಕೆ ಮತ್ತು ಬೆಸುಗೆ ಎಂಬ ಎರಡು ಮಾತುಗಳು ನಮ್ಮ ಭಾಷೆಯಲ್ಲಿವೆ. ಎರಡೂ ಕೂಡಿಸುವ ಕ್ರಿಯೆಯನ್ನೇ ಸೂಚಿಸುತ್ತವೆಯಾದರೂ ಅವುಗಳ ನಡುವಣ ಅಂತರ ದೊಡ್ಡದು. ಹಾಲಿಗೆ ನೀರನ್ನು ಸೇರಿಸಿದರೆ ಅದು ಬೆರಕೆ. ಅಲ್ಲಿ ಹಾಲು ಹಾಲಾಗಿ ಉಳಿಯುವುದಿಲ್ಲ, ನೀರು ನೀರಾಗಿಯೂ ಉಳಿಯುವುದಿಲ್ಲ. ಅಕ್ಕಸಾಲಿಗನು ಹದವಾದ ಉರಿಯಲ್ಲಿ ಎರಡು ತುಂಡುಗಳನ್ನು ಸೇರಿಸಿ ಒಂದು ಆಭರಣವನ್ನು ಮಾಡಿದರೆ ಅದು ಬೆಸುಗೆ. ಅಲ್ಲಿ ಎರಡೂ ತುಂಡುಗಳು ತಮ್ಮ ಗುಣವನ್ನು ಉಳಿಸಿಕೊಂಡು, ಒಂದಕ್ಕೊಂದು ಬಲವಾಗಿ, ಮೊದಲಿಲ್ಲದ ಒಂದು ರೂಪವನ್ನು ಪಡೆಯುತ್ತವೆ. ಬೆರಕೆಗೆ ಶ್ರಮ ಬೇಡ. ಬೆಸುಗೆಗೆ ಎರಡೂ ಲೋಹಗಳ ಸ್ವಭಾವವನ್ನು ಅರಿತ ಕೈ ಬೇಕು.

ಸಂಗೀತದಲ್ಲಿಯೂ ಹೀಗೆಯೇ. ಒಂದು ದೇಶದ ವಾದ್ಯವನ್ನು ಮತ್ತೊಂದು ದೇಶದ ಸಂಗೀತದೊಡನೆ ಸೇರಿಸುವ ಪ್ರಯತ್ನಗಳು ಇಪ್ಪತ್ತನೆಯ ಶತಮಾನದಲ್ಲಿ ಅನೇಕವಾಗಿ ನಡೆದವು. ಅವುಗಳಲ್ಲಿ ಬೆರಕೆಗಳೇ ಹೆಚ್ಚು, ಬೆಸುಗೆಗಳು ಕೆಲವೇ. ಆ ಕೆಲವರಲ್ಲಿ ಒಬ್ಬನು ಅಮೆರಿಕದ ಕಾಲಿನ್ ವಾಲ್ಕಾಟ್. ನಮ್ಮ ಸಿತಾರ್ ಮತ್ತು ತಬಲಾಗಳನ್ನು ಜಾಝ್ ಎಂಬ ಸಂಗೀತದೊಳಕ್ಕೆ ಒಯ್ದು, ಎರಡಕ್ಕೂ ಅಗೌರವವಾಗದಂತೆ ನುಡಿಸಿದ ಈತನ ಸಾಧನೆಯನ್ನು ತಿಳಿಯಬೇಕಾದರೆ ಮೊದಲು ಜಾಝ್ ಎಂದರೇನೆಂಬುದನ್ನು ಅರಿಯಬೇಕು.

ಜಾಝ್ ಸಂಗೀತವು ಹುಟ್ಟಿದ್ದು ಅಮೆರಿಕದ ದಕ್ಷಿಣ ಭಾಗದಲ್ಲಿರುವ ನ್ಯೂ ಆರ್ಲಿಯನ್ಸ್ ಎಂಬ ಬಂದರು ನಗರದಲ್ಲಿ, ಹತ್ತೊಂಬತ್ತನೆಯ ಶತಮಾನದ ಅಂತ್ಯ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ಸಂಧಿಕಾಲದಲ್ಲಿ. ಆಫ್ರಿಕದಿಂದ ಗುಲಾಮರನ್ನಾಗಿ ಹಿಡಿದು ತರಲ್ಪಟ್ಟ ಜನರ ಸಂತತಿಯವರು ಇದರ ಜನಕರು. ಹೊಲಗಳಲ್ಲಿ ದುಡಿಯುವಾಗ ಹಾಡುತ್ತಿದ್ದ ಹಾಡು, ದುಃಖವನ್ನು ತೋಡಿಕೊಳ್ಳುವ ‘ಬ್ಲೂಸ್’ ಎಂಬ ಗೀತಪ್ರಕಾರ, ಪೂರ್ವಿಕರಿಂದ ಬಂದ ಲಯಜ್ಞಾನ, ಇವುಗಳ ಜೊತೆಗೆ ಯೂರೋಪಿನ ಬ್ಯಾಂಡಿನ ಟ್ರಂಪೆಟ್, ಕ್ಲಾರಿಯೋನೆಟ್ ಮೊದಲಾದ ವಾದ್ಯಗಳು ಕೂಡಿ ಈ ಸಂಗೀತವು ರೂಪುಗೊಂಡಿತು. ಆದುದರಿಂದ ಜಾಝ್ ತಾನೇ ಒಂದು ಬೆಸುಗೆ. ನೊಂದ ಜನರು ತಮ್ಮ ಬಾಳಿನೊಳಗಿಂದ ತೆಗೆದ ಬೆಸುಗೆ.

ಜಾಝ್ ಸಂಗೀತದ ಜೀವವಿರುವುದು ಮನೋಧರ್ಮದಲ್ಲಿ. ವಾದಕನು ಒಂದು ರಾಗಧಾಟಿಯನ್ನು ಮೊದಲು ನುಡಿಸುತ್ತಾನೆ. ಬಳಿಕ ಅದನ್ನು ಆಧಾರವಾಗಿಟ್ಟುಕೊಂಡು ಆ ಕ್ಷಣದಲ್ಲಿ ತನಗೆ ತೋಚಿದಂತೆ ಅದನ್ನು ವಿಸ್ತರಿಸುತ್ತಾನೆ. ಬರೆದಿಟ್ಟ ಸ್ವರಗಳನ್ನು ಚಾಚೂ ತಪ್ಪದೆ ನುಡಿಸುವುದಷ್ಟೇ ಅಲ್ಲಿ ಸಾಲದು. ನಮ್ಮ ಕಚೇರಿಗಳಲ್ಲಿ ವಿದ್ವಾಂಸರು ಮಾಡುವ ರಾಗಾಲಾಪನೆ, ಕಲ್ಪನಾಸ್ವರಗಳನ್ನು ಕೇಳಿದವರಿಗೆ ಇದು ಹೊಸದೆನಿಸದು. ಮತ್ತೊಂದು ಸಾಮ್ಯವೂ ಇದೆ. ನಮ್ಮ ತಾಳದಲ್ಲಿ ಆವರ್ತವೆಂಬುದು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಎಷ್ಟು ದೂರ ಹೋದರೂ ವಾದಕನು ಸಮಕ್ಕೆ ಮರಳಲೇಬೇಕು. ಜಾಝ್‌ನಲ್ಲಿಯೂ ಹನ್ನೆರಡು ಅಥವಾ ಮೂವತ್ತೆರಡು ಅಳತೆಗಳ ಒಂದು ಸುತ್ತು ಇರುತ್ತದೆ. ಅದು ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕಲ್ಪನೆ ಮುಗಿಲಿಗೇರಿದರೂ ಕಾಲು ನೆಲವನ್ನು ಮರೆಯಬಾರದೆಂಬ ನಿಯಮವು ಎರಡೂ ಕಡೆ ಒಂದೇ.

ಆದರೆ ಒಂದು ಮುಖ್ಯ ವಿಷಯದಲ್ಲಿ ಇವೆರಡೂ ದೂರ ಸರಿಯುತ್ತವೆ. ಭಾರತೀಯ ಸಂಗೀತವು ಒಂದೇ ಷಡ್ಜವನ್ನು ನೆಲೆಯಾಗಿಟ್ಟುಕೊಂಡು ನಡೆಯುತ್ತದೆ. ತಂಬೂರಿಯು ಆ ಶ್ರುತಿಯನ್ನು ಎಡೆಬಿಡದೆ ನುಡಿಯುತ್ತಿರುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಏಕಕಾಲದಲ್ಲಿ ಗುಚ್ಛವಾಗಿ ನುಡಿಸುತ್ತಾರೆ. ಇದಕ್ಕೆ ಅವರು ‘ಕಾರ್ಡ್’ ಎನ್ನುತ್ತಾರೆ. ನಾವು ಸ್ವರಗುಚ್ಛವೆಂದು ಕರೆಯಬಹುದು. ಜಾಝ್‌ನಲ್ಲಿ ಈ ಸ್ವರಗುಚ್ಛಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಕೆಲವೊಮ್ಮೆ ನೆಲೆಯ ಸ್ವರವೇ ಪಲ್ಲಟವಾಗುತ್ತದೆ. ನಮ್ಮ ಸಂಗೀತವು ಒಂದೇ ಮನೆಯಲ್ಲಿ ಕುಳಿತು ಅದರ ಮೂಲೆ ಮೂಲೆಗೂ ದೀಪ ಹಿಡಿದು ನೋಡುವ ಕ್ರಮವಾದರೆ, ಅವರದು ಒಂದು ಮನೆಯಿಂದ ಮತ್ತೊಂದು ಮನೆಗೆ ಹಾದುಹೋಗುವ ಕ್ರಮ.

ಸಿತಾರ್ ವಾದ್ಯದ ರಚನೆಯನ್ನು ನೋಡಿದರೆ ಈ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ಸಿತಾರಿಗೆ ಆರು ಅಥವಾ ಏಳು ಮುಖ್ಯ ತಂತಿಗಳಿರುತ್ತವೆ. ಅವುಗಳ ಕೆಳಗೆ, ಬಾಗಿದ ಮೆಟ್ಟಿಲುಗಳ ಅಡಿಯಲ್ಲಿ, ಹನ್ನೊಂದರಿಂದ ಹದಿಮೂರು ಸಣ್ಣ ತಂತಿಗಳು ಹಾಯುತ್ತವೆ. ಇವಕ್ಕೆ ತರಫ್ ತಂತಿಗಳೆಂದು ಹೆಸರು. ವಾದಕನು ಸಾಮಾನ್ಯವಾಗಿ ಇವನ್ನು ಮೀಟುವುದಿಲ್ಲ. ಮೇಲಿನ ತಂತಿಯಲ್ಲಿ ಒಂದು ಸ್ವರ ನುಡಿದಾಗ, ಅದೇ ಸ್ವರಕ್ಕೆ ಶ್ರುತಿ ಮಾಡಿದ ಕೆಳಗಿನ ತಂತಿಯು ತಾನಾಗಿಯೇ ಮಿಡಿಯುತ್ತದೆ. ಸಿತಾರಿನ ನಾದದ ಸುತ್ತ ಒಂದು ಪ್ರಭಾವಳಿಯಿದ್ದಂತೆ ಕೇಳಿಸುವುದು ಇದರಿಂದಲೇ. ಈ ತರಫ್ ತಂತಿಗಳನ್ನು ನುಡಿಸಬೇಕಾದ ರಾಗದ ಸ್ವರಗಳಿಗೆ ಮೊದಲೇ ಶ್ರುತಿ ಮಾಡಿಕೊಳ್ಳಬೇಕು. ನಡುವೆ ನೆಲೆಯ ಸ್ವರವು ಬದಲಾದರೆ ಮುಖ್ಯ ತಂತಿ ಒಂದನ್ನು ಹೇಳುತ್ತದೆ, ತರಫ್ ತಂತಿಗಳು ಮತ್ತೊಂದನ್ನು ಹೇಳುತ್ತವೆ. ಇದಲ್ಲದೆ ಸಿತಾರಿನ ಧ್ವನಿ ಮೃದುವಾದುದು. ಟ್ರಂಪೆಟ್ ಮತ್ತು ಡ್ರಮ್‌ಗಳ ಅಬ್ಬರದಲ್ಲಿ ಅದು ಮುಳುಗಿಹೋಗುತ್ತದೆ. ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆಳೆದು ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡ್ ಎಂಬ ಗಮಕಕ್ಕೆ ಬಿಡುವು ಬೇಕು. ಓಡುವ ಸ್ವರಗುಚ್ಛಗಳು ಆ ಬಿಡುವನ್ನು ಕೊಡವು.

ಹೀಗಿರುವಾಗ ಇವೆರಡನ್ನೂ ಕೂಡಿಸುವ ಆಲೋಚನೆ ಬಂದುದಾದರೂ ಹೇಗೆ? ೧೯೫೦ರ ದಶಕದ ಕೊನೆಯ ವೇಳೆಗೆ ಜಾಝ್ ವಾದಕರಲ್ಲಿ ಕೆಲವರು ಸ್ವರಗುಚ್ಛಗಳ ಓಟದಿಂದ ದಣಿದಿದ್ದರು. ೧೯೫೯ರಲ್ಲಿ ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕನು ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಯಲ್ಲಿ ಒಂದೇ ಸ್ವರಶ್ರೇಣಿಯ ಮೇಲೆ ಬಹುಕಾಲ ನಿಂತು ನುಡಿಸುವ ದಾರಿಯನ್ನು ತೋರಿದನು. ಅದರಲ್ಲಿ ಭಾಗವಹಿಸಿದ್ದ ಜಾನ್ ಕೋಲ್ಟ್ರೇನ್ ಎಂಬ ಸ್ಯಾಕ್ಸೊಫೋನ್ ವಾದಕನು ಪಂಡಿತ ರವಿಶಂಕರರ ವಾದನಕ್ಕೆ ಮನಸೋತು, ೧೯೬೧ರಲ್ಲಿ ‘ಇಂಡಿಯಾ’ ಎಂಬ ಕೃತಿಯನ್ನು ನುಡಿಸಿದನು; ತನ್ನ ಮಗನಿಗೆ ರವಿ ಎಂದೇ ಹೆಸರಿಟ್ಟನು. ಲಾಸ್ ಏಂಜಲೀಸ್ ನಗರದಲ್ಲಿ ರವಿಶಂಕರರ ಶಿಷ್ಯ ಹರಿಹರ ರಾವ್ ಅವರಿಂದ ಲಯಪಾಠವನ್ನು ಕಲಿತ ಡಾನ್ ಎಲಿಸ್ ಎಂಬಾತನು ಹತ್ತೊಂಬತ್ತು ಅಕ್ಷರಗಳ ಆವರ್ತದಲ್ಲಿ ಜಾಝ್ ಕೃತಿಯನ್ನು ರಚಿಸಿದನು. ಜಾಝ್ ತಾನಾಗಿಯೇ ಭಾರತದ ಕಡೆಗೆ ಒಂದು ಬಾಗಿಲನ್ನು ತೆರೆದಿತ್ತು.

ಬಾಗಿಲು ತೆರೆದಾಗ ಬಯಸಿದವರೂ ಬರುತ್ತಾರೆ, ಬಯಸದವರೂ ಬರುತ್ತಾರೆ. ೧೯೬೫ರಲ್ಲಿ ಬೀಟಲ್ಸ್ ಎಂಬ ಇಂಗ್ಲೆಂಡಿನ ಜನಪ್ರಿಯ ತಂಡವು ಒಂದು ಹಾಡಿನಲ್ಲಿ ಸಿತಾರನ್ನು ಬಳಸಿದ ಮೇಲೆ ಅದು ಪಶ್ಚಿಮದಲ್ಲಿ ಒಂದು ಹುಚ್ಚಾಗಿ ಹರಡಿತು. ಕೆಲವು ದಿನಗಳ ಅಭ್ಯಾಸದಲ್ಲಿಯೇ ಸಿತಾರನ್ನು ಹಿಡಿದು ವೇದಿಕೆಯೇರುವವರು ಹೆಚ್ಚಿದರು. ಅದು ಮಾದಕ ವಸ್ತುಗಳ ಮಂಪರಿಗೆ ಹೊಂದುವ ಸಂಗೀತವೆಂಬ ತಪ್ಪು ಕಲ್ಪನೆಯೂ ಬೆಳೆಯಿತು. ಇದನ್ನು ಕಂಡು ರವಿಶಂಕರರು ನೊಂದುಕೊಂಡರು. ತಮ್ಮ ಸಂಗೀತವು ಸಾಧನೆಯ ಫಲವೆಂದೂ ಅದನ್ನು ಅಮಲಿನೊಡನೆ ಜೋಡಿಸಬಾರದೆಂದೂ ಮತ್ತೆ ಮತ್ತೆ ಹೇಳಿದರು.

ಈ ಗದ್ದಲದ ನಡುವೆಯೇ ಒಬ್ಬ ತರುಣನು ಸದ್ದಿಲ್ಲದೆ ಸಿತಾರಿನ ಮುಂದೆ ಶಿಷ್ಯನಾಗಿ ಕುಳಿತನು. ಕಾಲಿನ್ ವಾಲ್ಕಾಟ್ ಹುಟ್ಟಿದ್ದು ೧೯೪೫ರ ಏಪ್ರಿಲ್ ೨೪ರಂದು, ನ್ಯೂಯಾರ್ಕ್ ನಗರದಲ್ಲಿ. ಬಾಲ್ಯದಲ್ಲಿ ಆತನು ಪಿಟೀಲನ್ನು ಕಲಿತನು. ಬಳಿಕ ಟಿಂಪನಿ ಎಂಬ, ಶ್ರುತಿ ಮಾಡಬಲ್ಲ ದೊಡ್ಡ ನಗಾರಿಯನ್ನು ಅಭ್ಯಾಸ ಮಾಡಿದನು. ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ತಾಳವಾದ್ಯಗಳನ್ನು ಶಾಸ್ತ್ರೀಯವಾಗಿ ಓದಿ ೧೯೬೬ರಲ್ಲಿ ಪದವೀಧರನಾದನು. ಪಾಶ್ಚಾತ್ಯ ವಾದ್ಯಗೋಷ್ಠಿಯೊಂದರಲ್ಲಿ ನೆಲೆಯಾದ ಉದ್ಯೋಗವನ್ನು ಹಿಡಿಯಲು ಅಷ್ಟು ವಿದ್ಯೆ ಸಾಕಾಗಿತ್ತು. ಆದರೆ ಆತನು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ತೆರಳಿದನು.

ಆ ವಿಶ್ವವಿದ್ಯಾನಿಲಯವು ಈ ಕಥೆಯಲ್ಲಿ ಮುಖ್ಯವಾದುದು. ಅಲ್ಲಿ ಮ್ಯಾಂಟಲ್ ಹುಡ್ ಎಂಬ ವಿದ್ವಾಂಸನು ಲೋಕದ ನಾನಾ ಜನಾಂಗಗಳ ಸಂಗೀತವನ್ನು ಅಭ್ಯಸಿಸುವ ವಿಭಾಗವನ್ನು ಕಟ್ಟಿದ್ದನು. ಪರದೇಶದ ಸಂಗೀತವನ್ನು ಹೊರಗಿನಿಂದ ನೋಡಿ ಬರೆದರೆ ಸಾಲದು. ಅದನ್ನು ಗುರುವಿನ ಬಳಿ ಕುಳಿತು, ಕೈಯಾರೆ ನುಡಿಸಿ ಕಲಿಯಬೇಕು ಎಂಬುದು ಆತನ ವಾದ. ನಮ್ಮ ಕರಾವಳಿಯಲ್ಲಿ ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಮಕ್ಕಳು ಎರಡೂ ಭಾಷೆಗಳಲ್ಲಿ ಸಲೀಸಾಗಿ ಆಲೋಚಿಸುವುದಿಲ್ಲವೆ? ಹಾಗೆಯೇ ಸಂಗೀತಗಾರನೊಬ್ಬನು ಎರಡು ಸಂಗೀತಗಳಲ್ಲಿ ಆಲೋಚಿಸಬಲ್ಲನು ಎಂದು ಹುಡ್ ನಂಬಿದ್ದನು.

ವಾಲ್ಕಾಟನು ಸಿತಾರನ್ನು ಪಂಡಿತ ರವಿಶಂಕರರಲ್ಲಿಯೂ ತಬಲಾವನ್ನು ಉಸ್ತಾದ್ ಅಲ್ಲಾ ರಖಾ ಅವರಲ್ಲಿಯೂ ಕಲಿತನು. ಇದು ಸುಲಭದ ಕಲಿಕೆಯಲ್ಲ. ಸಿತಾರ್ ವಾದಕನು ನೆಲದ ಮೇಲೆ ಕಾಲು ಮಡಿಸಿ ಗಂಟೆಗಟ್ಟಲೆ ಕುಳಿತಿರಬೇಕು. ಕುರ್ಚಿಯ ಮೇಲೆ ಕುಳಿತು ಬೆಳೆದವರಿಗೆ ಈ ಆಸನವೇ ಮೊದಲ ಪರೀಕ್ಷೆ. ಉಕ್ಕಿನ ತಂತಿಯನ್ನು ಎಳೆದೆಳೆದು ಎಡಗೈ ಬೆರಳುಗಳು ಗಾಯಗೊಂಡು, ಕ್ರಮೇಣ ಜಡ್ಡುಗಟ್ಟಬೇಕು. ತಬಲಾ ಕಲಿಯುವವನು ಪ್ರತಿಯೊಂದು ಬೋಲನ್ನೂ ಬಾಯಲ್ಲಿ ಹೇಳಿ ಹೇಳಿ ಮೈಗೂಡಿಸಿಕೊಂಡ ಮೇಲೆ ಕೈಯಲ್ಲಿ ನುಡಿಸಬೇಕು. ವಿಶ್ವವಿದ್ಯಾನಿಲಯದ ಪದವಿ ಪಡೆದವನು ಮತ್ತೆ ಅಕ್ಷರಾಭ್ಯಾಸಕ್ಕೆ ಕುಳಿತಂತೆ ಇದು. ಪದವೀಧರನಾದ ಮೇಲೂ ಈ ವಿನಯವನ್ನು ಉಳಿಸಿಕೊಂಡುದೇ ವಾಲ್ಕಾಟನ ಮೊದಲ ಸಾಧನೆಯೆಂದು ಹೇಳಬೇಕು.

ಅನಂತರ ಆತನು ನ್ಯೂಯಾರ್ಕಿಗೆ ಮರಳಿ, ಟೋನಿ ಸ್ಕಾಟ್ ಎಂಬ ಕ್ಲಾರಿಯೋನೆಟ್ ವಾದಕನೊಡನೆ ೧೯೬೭ರಿಂದ ೧೯೬೯ರವರೆಗೆ ನುಡಿಸಿದನು. ಏಷ್ಯಾದಲ್ಲಿ ಸಂಚರಿಸಿ ಬಂದಿದ್ದ ಸ್ಕಾಟನಿಗೆ ಪೂರ್ವದೇಶಗಳ ಸಂಗೀತದಲ್ಲಿ ಆದರವಿತ್ತು. ಬಳಿಕ ವಾಲ್ಕಾಟನು ಪಾಲ್ ವಿಂಟರ್ ಎಂಬುವನ ವಾದ್ಯವೃಂದವನ್ನು ಸೇರಿದನು. ಆ ವೃಂದದ ‘ರೋಡ್’ ಎಂಬ ಧ್ವನಿಮುದ್ರಿಕೆಯನ್ನು ೧೯೭೧ರಲ್ಲಿ ಅಪೋಲೊ-೧೫ರ ಗಗನಯಾತ್ರಿಗಳು ತಮ್ಮೊಡನೆ ಒಯ್ದರು. ಅದರಲ್ಲಿಯ ಎರಡು ಕೃತಿಗಳ ಹೆಸರನ್ನು ಚಂದ್ರನ ಮೇಲಿನ ಎರಡು ಕುಳಿಗಳಿಗೆ ಇಟ್ಟರು. ೧೯೭೨ರಲ್ಲಿ ಮೈಲ್ಸ್ ಡೇವಿಸನ ‘ಆನ್ ದ ಕಾರ್ನರ್’ ಎಂಬ ಧ್ವನಿಮುದ್ರಿಕೆಯಲ್ಲಿ ವಾಲ್ಕಾಟನು ಸಿತಾರನ್ನೂ ಬಾದಲ್ ರಾಯ್ ತಬಲಾವನ್ನೂ ನುಡಿಸಿದರು. ವಿದ್ಯುತ್ ವಾದ್ಯಗಳ ದಟ್ಟವಾದ ನಾದದ ನಡುವೆ ಸಿತಾರ್ ಅಲ್ಲಿ ಒಂದು ಬಣ್ಣವಾಗಿ ಮಾತ್ರ ಕಾಣಿಸಿಕೊಂಡಿತು. ಅದು ಬಣ್ಣವಾಗದೆ ಭಾಷೆಯಾಗಬೇಕಾದರೆ ಬೇರೆಯೇ ಒಂದು ಪರಿಸರ ಬೇಕಾಗಿತ್ತು.

ಆ ಪರಿಸರವನ್ನು ವಾಲ್ಕಾಟನೂ ಆತನ ಮೂವರು ಗೆಳೆಯರೂ ತಾವೇ ನಿರ್ಮಿಸಿಕೊಂಡರು. ವಿಂಟರನ ವೃಂದದಲ್ಲಿ ಜೊತೆಗಾರರಾಗಿದ್ದ ರಾಲ್ಫ್ ಟೌನರ್, ಪಾಲ್ ಮೆಕ್‌ಕ್ಯಾಂಡ್ಲೆಸ್, ಗ್ಲೆನ್ ಮೂರ್ ಮತ್ತು ವಾಲ್ಕಾಟ್ ಸುಮಾರು ೧೯೭೦ರಲ್ಲಿ ‘ಓರೆಗಾನ್’ ಎಂಬ ತಂಡವನ್ನು ಕಟ್ಟಿದರು. ಟೌನರ್ ಗಿಟಾರ್ ಮತ್ತು ಪಿಯಾನೊ ವಾದಕ. ಮೂರ್ ನುಡಿಸುತ್ತಿದ್ದುದು ನಿಂತು ನುಡಿಸಬೇಕಾದ ದೊಡ್ಡ ಬಾಸ್ ಪಿಟೀಲನ್ನು. ಮೆಕ್‌ಕ್ಯಾಂಡ್ಲೆಸ್ ನುಡಿಸುತ್ತಿದ್ದ ಓಬೋ ವಾದ್ಯವು ನಮ್ಮ ಶಹನಾಯಿ, ನಾಗಸ್ವರಗಳಂತೆ ಜೋಡಿ ಓಲೆಯ ಪೀಪಿಯಿಂದ ನಾದವನ್ನು ಹೊರಡಿಸುವ ವಾದ್ಯ. ೧೯೭೨ರಲ್ಲಿ ಹೊರಬಂದ ‘ಮ್ಯೂಸಿಕ್ ಆಫ್ ಅನದರ್ ಪ್ರೆಸೆಂಟ್ ಎರಾ’ ಎಂಬ ಧ್ವನಿಮುದ್ರಿಕೆಯಿಂದ ಈ ತಂಡದ ಹೆಸರು ಹರಡಿತು.

ಹಿಂದೆ ಹೇಳಿದ ತೊಡಕುಗಳನ್ನು ಇವರು ಬಗೆಹರಿಸಿದ ರೀತಿಯನ್ನು ನೋಡಿ. ಸಿತಾರಿನ ಮೃದುಧ್ವನಿಯನ್ನು ಯಂತ್ರದಿಂದ ದೊಡ್ಡದು ಮಾಡುವುದರ ಬದಲು ಇತರ ವಾದ್ಯಗಳನ್ನೇ ಸೌಮ್ಯವಾದವುಗಳನ್ನಾಗಿ ಆರಿಸಿಕೊಂಡರು. ಡ್ರಮ್‌ಗಳ ಸಾಲನ್ನು ಕೈಬಿಟ್ಟು ಆ ಸ್ಥಾನಕ್ಕೆ ತಬಲಾವನ್ನು ತಂದರು. ತಬಲಾವು ಕೇವಲ ಹೊಡೆತವನ್ನಲ್ಲದೆ ಸ್ವರವನ್ನೂ ನುಡಿಯಬಲ್ಲದು. ಆದುದರಿಂದ ಲಯವನ್ನು ಕಾಯುತ್ತಿರುವಾಗಲೇ ಅದು ಬಾಸ್ ಪಿಟೀಲಿನೊಡನೆ ಸಂಭಾಷಣೆಯನ್ನೂ ನಡೆಸಿತು. ಸಿತಾರ್ ಬರುವ ಕಡೆಗಳಲ್ಲಿ ಕೃತಿಯು ಒಂದೇ ಷಡ್ಜದ ಮೇಲೆ ನಿಂತು, ತರಫ್ ತಂತಿಗಳಿಗೆ ಮಿಡಿಯಲು ಅವಕಾಶವನ್ನು ಕೊಟ್ಟಿತು. ಸ್ವರಗುಚ್ಛಗಳು ಓಡಬೇಕಾದ ಕೃತಿಗಳಲ್ಲಿ ವಾಲ್ಕಾಟನು ಸಿತಾರನ್ನು ಬದಿಗಿಟ್ಟು ತಬಲಾವನ್ನೋ ಬೇರೆ ತಾಳವಾದ್ಯವನ್ನೋ ಎತ್ತಿಕೊಂಡನು. ಎಲ್ಲಿ ನುಡಿಸಬೇಕೆಂಬುದನ್ನು ಬಲ್ಲವರು ಅನೇಕರಿರುತ್ತಾರೆ. ಎಲ್ಲಿ ನುಡಿಸಬಾರದೆಂಬುದನ್ನು ಬಲ್ಲವರು ವಿರಳ.

ಈ ತಂಡದಲ್ಲಿ ಒಬ್ಬನು ನಾಯಕ, ಉಳಿದವರು ಪಕ್ಕವಾದ್ಯದವರು ಎಂಬ ಭೇದವಿರಲಿಲ್ಲ. ಒಬ್ಬನು ಒಂದು ಸ್ವರವನ್ನು ನುಡಿದರೆ ಮತ್ತೊಬ್ಬನು ಅದನ್ನು ಕೇಳಿ ಉತ್ತರಿಸುತ್ತಿದ್ದನು. ಹಲವೊಮ್ಮೆ ಮೊದಲೇ ಏನನ್ನೂ ನಿಶ್ಚಯಿಸದೆ ನಾಲ್ವರೂ ಒಟ್ಟಿಗೆ ನುಡಿಸಲು ತೊಡಗುತ್ತಿದ್ದರು. ಪ್ರಾಯೋಗಿಕ ಜಾಝ್ ಎಂದು ಕರೆಯುವುದು ಇಂಥದನ್ನೇ. ಹೊರನೋಟಕ್ಕೆ ಇದು ಮನಬಂದಂತೆ ನುಡಿಸುವ ಆಟವೆಂದು ತೋರಬಹುದು. ಆದರೆ ನಿಯಮವನ್ನು ಹೊರಗಿನಿಂದ ಹೇರದಿರುವಾಗ ಪ್ರತಿಯೊಬ್ಬನೂ ಅದನ್ನು ತನ್ನೊಳಗೆ ಹೊತ್ತಿರಬೇಕಾಗುತ್ತದೆ. ಪಕ್ಕದವನ ನಾದಕ್ಕೆ ಇಮ್ಮಡಿ ಎಚ್ಚರದಿಂದ ಕಿವಿಗೊಡಬೇಕಾಗುತ್ತದೆ.

ವಾಲ್ಕಾಟನ ಪ್ರತಿಭೆ ಇನ್ನೂ ವಿಶಾಲವಾಗಿ ಅರಳಿದ್ದು ‘ಕೊಡೋನಾ’ ಎಂಬ ತ್ರಿವಳಿಯಲ್ಲಿ. ಇದರ ಹೆಸರಿನ ರಚನೆ ಸ್ವಾರಸ್ಯಕರವಾದುದು: ಕಾಲಿನ್ ಎಂಬ ಹೆಸರಿನ ‘ಕೊ’, ಡಾನ್ ಎಂಬ ಹೆಸರಿನ ‘ಡೊ’, ನನಾ ಎಂಬ ಹೆಸರಿನ ‘ನಾ’, ಈ ಮೂರೂ ಕೂಡಿ ಕೊಡೋನಾ ಆಯಿತು. ಡಾನ್ ಚೆರಿ ಅಮೆರಿಕದ ಟ್ರಂಪೆಟ್ ವಾದಕ. ಜಾಝ್ ಸಂಗೀತವನ್ನು ಸ್ವರಗುಚ್ಛಗಳ ಕಟ್ಟಿನಿಂದಲೇ ಬಿಡಿಸಿದ ಆರ್ನೆಟ್ ಕೋಲ್ಮನ್ನನ ಜೊತೆಗಾರನಾಗಿದ್ದವನು. ನನಾ ವಾಸ್ಕೊನ್ಸೆಲೊಸ್ ಬ್ರೆಜಿಲ್ ದೇಶದ ತಾಳವಾದ್ಯಗಾರ. ಈ ಮೂವರು ೧೯೭೮ರಲ್ಲಿ ಜರ್ಮನಿಯಲ್ಲಿ ಮೊದಲ ಧ್ವನಿಮುದ್ರಣವನ್ನು ಮಾಡಿದರು. ಮುಂದೆ ಇನ್ನೆರಡು ಧ್ವನಿಮುದ್ರಿಕೆಗಳು ೧೯೮೧ ಮತ್ತು ೧೯೮೩ರಲ್ಲಿ ಹೊರಬಂದವು. ಇವುಗಳನ್ನು ಪ್ರಕಟಿಸಿದುದು ಮ್ಯೂನಿಕ್ ನಗರದ ಇ.ಸಿ.ಎಂ. ಎಂಬ ಸಂಸ್ಥೆ.

ಕೊಡೋನಾದ ವಾದ್ಯಗಳನ್ನು ಗಮನಿಸಿದರೆ ಒಂದು ಸೋಜಿಗ ಕಾಣುತ್ತದೆ. ವಾಲ್ಕಾಟನ ಸಿತಾರಿಗೆ ಒಣಗಿಸಿದ ಸೋರೆಬುರುಡೆಯೇ ಒಡಲು. ನನಾ ನುಡಿಸುತ್ತಿದ್ದ ಬೆರಿಂಬಾವ್ ಎಂಬ ವಾದ್ಯವು ಒಂದು ಬಿಲ್ಲು. ಅದಕ್ಕೆ ಒಂದೇ ತಂತಿ, ನಾದವನ್ನು ತುಂಬಿಕೊಡಲು ಒಂದು ಬುರುಡೆ. ಆಫ್ರಿಕದ ಗುಲಾಮರೊಡನೆ ಅದರ ಮೂಲರೂಪವು ಬ್ರೆಜಿಲಿಗೆ ಬಂದಿತು. ಚೆರಿ ಟ್ರಂಪೆಟ್‌ನೊಡನೆ ನುಡಿಸುತ್ತಿದ್ದ ಇನ್ನೊಂದು ವಾದ್ಯವು ಪಶ್ಚಿಮ ಆಫ್ರಿಕದ ಬೇಟೆಗಾರರ ತಂತಿವಾದ್ಯ. ಅದರ ಒಡಲೂ ಬುರುಡೆಯೇ. ಭಾರತ, ಬ್ರೆಜಿಲ್, ಆಫ್ರಿಕಗಳಿಂದ ಬಂದ ಮೂರು ವಾದ್ಯಗಳು ಒಂದೇ ಬಗೆಯ ಕಾಯಿಯಲ್ಲಿ ನಾದವನ್ನು ಹುದುಗಿಸಿಕೊಂಡಿವೆ. ನಮ್ಮ ತಂಬೂರಿಯೂ ಏಕತಾರಿಯೂ ಆ ಕುಟುಂಬಕ್ಕೆ ಸೇರಿದವು. ಬಳ್ಳಿಯ ಕಾಯೊಂದು ಟೊಳ್ಳಾದರೆ ಹಾಡುತ್ತದೆಂಬುದನ್ನು ದೂರ ದೂರದ ಜನರು ತಮ್ಮ ತಮ್ಮ ನೆಲದಲ್ಲಿ ತಾವೇ ಕಂಡುಕೊಂಡಿದ್ದರು.

ಸಿತಾರ್ ಮತ್ತು ತಬಲಾಗಳಲ್ಲದೆ, ಕೋಲಿನಿಂದ ಬಡಿದು ನುಡಿಸುವ, ನಮ್ಮ ಸಂತೂರನ್ನು ಹೋಲುವ ಡಲ್ಸಿಮರ್ ವಾದ್ಯವನ್ನೂ, ಲೋಹದ ಎಸಳುಗಳನ್ನು ಹೆಬ್ಬೆರಳಿನಿಂದ ಮಿಡಿಯುವ ಆಫ್ರಿಕದ ಸಾಂಝಾವನ್ನೂ ವಾಲ್ಕಾಟನು ಕೊಡೋನಾದಲ್ಲಿ ನುಡಿಸಿದನು. ಬಾಲ್ಯದಲ್ಲಿ ಕಲಿತ ಟಿಂಪನಿಯನ್ನೂ ಬಿಡಲಿಲ್ಲ. ತನ್ನ ಹೆಸರಿನಲ್ಲಿಯೇ ೧೯೭೫ರಲ್ಲಿ ‘ಕ್ಲೌಡ್ ಡಾನ್ಸ್’, ೧೯೭೭ರಲ್ಲಿ ‘ಗ್ರೇಜಿಂಗ್ ಡ್ರೀಮ್ಸ್’ ಎಂಬ ಧ್ವನಿಮುದ್ರಣಗಳನ್ನು ಮಾಡಿದನು. ಮೊದಲನೆಯದರಲ್ಲಿ ಆತನೊಡನೆ ನುಡಿಸಿದ ಗಿಟಾರ್ ವಾದಕ ಜಾನ್ ಆಬರ್‌ಕ್ರೋಂಬಿ, ಬಾಸ್ ವಾದಕ ಡೇವ್ ಹಾಲೆಂಡ್, ಡ್ರಮ್ ವಾದಕ ಜ್ಯಾಕ್ ಡಿಜಾನೆಟ್ ಇವರು ಜಾಝ್ ಲೋಕದ ಅಗ್ರಗಣ್ಯರು. ಸಿತಾರನ್ನು ಸರಿಸಮನಾದ ವಾದ್ಯವೆಂದು ಅಂಥವರು ಅಂಗೀಕರಿಸಿದ್ದುದಕ್ಕೆ ಇದು ನಿದರ್ಶನ.

ಇಂಥ ಪ್ರಯೋಗಗಳಿಗೆ ಆಕ್ಷೇಪಣೆಗಳಿಲ್ಲದಿಲ್ಲ. ಅವು ತಳ್ಳಿಹಾಕುವಂಥವೂ ಅಲ್ಲ. ರಾಗವೆಂದರೆ ಬರಿಯ ಸ್ವರಗಳ ಪಟ್ಟಿಯಲ್ಲ. ಯಾವ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಯಾವುದನ್ನು ಸೋಕಿ ಬಿಡಬೇಕು, ಯಾವುದನ್ನು ಯಾವ ಕಡೆಯಿಂದ ಸಮೀಪಿಸಬೇಕು ಎಂಬ ಸೂಕ್ಷ್ಮಗಳಲ್ಲಿ ಅದರ ಪ್ರಾಣವಿದೆ. ಗಂಟೆಯವರೆಗೆ ನಿಧಾನವಾಗಿ ಅರಳಬೇಕಾದುದನ್ನು ಐದಾರು ನಿಮಿಷಗಳ ಕೃತಿಯಲ್ಲಿ ಅಡಗಿಸಿದರೆ ಆ ಪ್ರಾಣವು ನಿಲ್ಲುವುದೆಂತು ಎಂದು ನಮ್ಮ ವಿದ್ವಾಂಸರು ಕೇಳುತ್ತಾರೆ. ಬಲಿಷ್ಠ ದೇಶದವರು ಇತರರ ಸಂಪತ್ತನ್ನು ಹಿಂದೆ ವ್ಯಾಪಾರದ ನೆವದಲ್ಲಿ ಒಯ್ದಂತೆ ಈಗ ಕಲೆಯ ನೆವದಲ್ಲಿ ಒಯ್ಯುತ್ತಿದ್ದಾರಲ್ಲವೆ ಎಂಬ ಪ್ರಶ್ನೆಯೂ ಉಂಟು.

ವಾಲ್ಕಾಟನ ಸಂಗೀತದಲ್ಲಿ ರಾಗದ ದೀರ್ಘ ವಿಸ್ತಾರವು ನಮಗೆ ದೊರೆಯುವುದಿಲ್ಲವೆಂಬುದು ನಿಜ. ಅದನ್ನು ಬಯಸುವವರು ರವಿಶಂಕರರ ವಾದನವನ್ನೇ ಕೇಳಬೇಕು. ಆದರೆ ಆತನು ತಾನು ರಚಿಸಿದುದನ್ನು ಹಿಂದೂಸ್ತಾನಿ ಸಂಗೀತವೆಂದು ಹೆಸರಿಟ್ಟು ಲೋಕದ ಮುಂದೆ ಇಡಲಿಲ್ಲ. ಗುರುಗಳಿಂದ ಪಡೆದ ಸಾಮಗ್ರಿಯಿಂದ ತನ್ನದೇ ಆದ ಬೇರೊಂದು ಮನೆಯನ್ನು ಕಟ್ಟಿದನು. ಒಯ್ಯುವವನಿಗೂ ಕಲಿಯುವವನಿಗೂ ಇರುವ ಅಂತರವನ್ನು ಇಲ್ಲಿ ಕಾಣಬೇಕು. ಒಯ್ಯುವವನು ಬೆಲೆಯನ್ನು ತೆರುವುದಿಲ್ಲ. ಕಲಿಯುವವನು ತನ್ನ ಆಯುಷ್ಯದ ವರ್ಷಗಳನ್ನೇ ಬೆಲೆಯಾಗಿ ತೆರುತ್ತಾನೆ.

ಆ ಆಯುಷ್ಯ ದೀರ್ಘವಾಗಲಿಲ್ಲ. ೧೯೮೪ರ ಶರತ್ಕಾಲದಲ್ಲಿ ಓರೆಗಾನ್ ತಂಡವು ಯೂರೋಪಿನಲ್ಲಿ ಸಂಚರಿಸುತ್ತಿತ್ತು. ಅಕ್ಟೋಬರಿನಲ್ಲಿ ಒಂದು ಧ್ವನಿಮುದ್ರಣವನ್ನೂ ಮುಗಿಸಿತ್ತು. ನವೆಂಬರ್ ೮ರಂದು, ಅಂದು ಪೂರ್ವ ಜರ್ಮನಿಗೆ ಸೇರಿದ್ದ ಮಾಗ್ಡೆಬರ್ಗ್ ನಗರದ ಬಳಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ವಾಲ್ಕಾಟನು ತೀರಿಕೊಂಡನು. ಆಗ ಆತನ ವಯಸ್ಸು ಮೂವತ್ತೊಂಬತ್ತು. ಮುಗಿಸಿದ್ದ ಆ ಧ್ವನಿಮುದ್ರಿಕೆಯು ಮರುವರ್ಷ ‘ಕ್ರಾಸಿಂಗ್’, ಎಂದರೆ ದಾಟುವಿಕೆ, ಎಂಬ ಹೆಸರಿನಲ್ಲಿ ಹೊರಬಂದಿತು.

ಆತನ ಬರಿದಾದ ಸ್ಥಾನಕ್ಕೆ ಓರೆಗಾನ್ ತಂಡವು ಕರೆದುಕೊಂಡುದು ಮುಂಬಯಿಯ ತ್ರಿಲೋಕ್ ಗುರ್ಟು ಅವರನ್ನು. ಠುಮ್ರಿ ಗಾಯನದಲ್ಲಿ ಹೆಸರಾದ ಶೋಭಾ ಗುರ್ಟು ಅವರ ಮಗನಾದ ಇವರು ತಬಲಾವನ್ನೂ ಪಾಶ್ಚಾತ್ಯ ಡ್ರಮ್‌ಗಳನ್ನೂ ಬಲ್ಲವರು. ಅಮೆರಿಕದವನೊಬ್ಬನು ಭಾರತದ ವಾದ್ಯವನ್ನು ಕಲಿತು ಹದಗೊಳಿಸಿದ್ದ ಆಸನದಲ್ಲಿ ಭಾರತೀಯರೊಬ್ಬರು ಕುಳಿತು ಅಮೆರಿಕದ ಸಂಗೀತವನ್ನು ಮುಂದುವರಿಸಿದರು. ದಾರಿಯು ಎರಡೂ ದಿಕ್ಕಿಗೆ ತೆರೆದಿತ್ತು.

ನಮ್ಮ ಕರ್ನಾಟಕವೂ ಈ ದಾರಿಯಿಂದ ದೂರವಿಲ್ಲ. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯ ಕಲಾವಿದರು, ಗಾಯಕಿ ಆರ್.ಎ. ರಮಾಮಣಿಯವರೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ ೧೯೮೩ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣವನ್ನು ಮಾಡಿದರು. ಅದನ್ನು ಪ್ರಕಟಿಸಿದುದೂ ಇ.ಸಿ.ಎಂ. ಸಂಸ್ಥೆಯೇ. ಮರಿಯಾನೊ ದಕ್ಷಿಣ ಭಾರತದ ನಾಗಸ್ವರವನ್ನು ಕಲಿತಿದ್ದವನು. ಇತ್ತ ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮಾರುಹೋದರು. ಗಮಕಗಳಿಗೆ ಒಗ್ಗದೆಂದು ತೋರುತ್ತಿದ್ದ ಆ ವಾದ್ಯವನ್ನು ವರ್ಷಗಳ ಸಾಧನೆಯಿಂದ ಕರ್ನಾಟಕ ಸಂಗ���ತಕ್ಕೆ ಒಲಿಸಿಕೊಂಡರು. ಭಾರತೀಯ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ ಗೋಪಾಲನಾಥರು ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯು ೨೦೦೮ರಲ್ಲಿ ಹೊರಬಂದಿತು. ಆ ಹೆಸರಿನ ಅರ್ಥ ಬಂಧುಗಳು ಎಂದು. ವಾಲ್ಕಾಟನು ನಮ್ಮ ವಾದ್ಯವನ್ನು ಅವರ ಸಂಗೀತಕ್ಕೆ ಒಯ್ದನು; ಗೋಪಾಲನಾಥರು ಅವರ ವಾದ್ಯವನ್ನು ನಮ್ಮ ಸಂಗೀತಕ್ಕೆ ತಂದರು. ಇಬ್ಬರ ಕೈಯಲ್ಲಿಯೂ ವಾದ್ಯವು ಪರಕೀಯವೆನಿಸದಿದ್ದುದಕ್ಕೆ ಕಾರಣ ಒಂದೇ: ಇಬ್ಬರೂ ಮೊದಲು ಶಿಷ್ಯರಾಗಿದ್ದರು.

ಇಂದು ಯಂತ್ರದ ಗುಂಡಿಯೊಂದನ್ನು ಒತ್ತಿದರೆ ಸಿತಾರಿನ ಧ್ವನಿಯೂ ಟ್ರಂಪೆಟ್‌ನ ಧ್ವನಿಯೂ ಒಟ್ಟಿಗೆ ಹೊರಡುತ್ತವೆ. ಲೋಕದ ಯಾವ ಸಂಗೀತವನ್ನು ಬೇಕಾದರೂ ಮನೆಯಲ್ಲಿ ಕುಳಿತು ಕೇಳಬಹುದು. ಕೂಡಿಸುವುದು ಇಷ್ಟು ಸುಲಭವಾಗಿರುವಾಗ ಬೆರಕೆ ಯಾವುದು, ಬೆಸುಗೆ ಯಾವುದು ಎಂದು ಗುರುತಿಸುವ ಕಿವಿ ನಮಗೆ ಹಿಂದೆಂದಿಗಿಂತಲೂ ಅಗತ್ಯವಾಗಿದೆ. ಅಂಥ ಒಂದು ಕೃತಿಯನ್ನು ಕೇಳುವಾಗ ಈ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇಲ್ಲಿ ಪ್ರತಿಯೊಂದು ವಾದ್ಯಕ್ಕೂ ತನ್ನ ಸ್ವಭಾವಕ್ಕೆ ತಕ್ಕಂತೆ ಉಸಿರಾಡಲು ಬಿಡುವಿದೆಯೆ? ನುಡಿಸುವವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆಯೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಅದು ಬೆಸುಗೆ. ತನ್ನದನ್ನು ಬಿಟ್ಟವನಿಗೆ ಪರರದು ದಕ್ಕುವುದಿಲ್ಲ. ತನ್ನದೊಂದೇ ಸಾಕೆಂದವನಿಗೆ ತನ್ನದರ ಪೂರ್ಣ ಬೆಲೆಯೂ ತಿಳಿಯುವುದಿಲ್ಲ. ಒಂದನ್ನು ಆಳವಾಗಿ ಕಲಿತು, ಮತ್ತೊಂದರ ಮುಂದೆ ವಿನಯದಿಂದ ಕುಳಿತವನಿಗೆ ಮಾತ್ರ ಎರಡೂ ಒಲಿಯುತ್ತವೆ.